ಆಯ್ತಾ, ಮಾಡಿಸಿದ್ರಾ?

‘ಮಿಸ್ಡ್ ಅಬಾರ್ಷನ್.’ ಈ ಎರಡು ಪದಗಳ ಮೇಲೆ ನನಗೆ ಬಹಳ ದಿನಗಳಿಂದ ಸಿಟ್ಟಿದೆ. ಇವತ್ತು ಆ ಸಿಟ್ಟನ್ನ ಪೂರ್ತಿ ಬರೆದೇ ಬಿಡ್ತೀನಿ.

ಅರ್ಥ ಗೊತ್ತಿಲ್ಲದವರಿಗೆ ಮೊದಲು ಹೇಳಿಬಿಡ್ತೀನಿ. ಬಸಿರಿನ ಮೊದಲ ತಿಂಗಳುಗಳಲ್ಲಿ ಹೊಟ್ಟೆಯೊಳಗೇ ಭ್ರೂಣದ ಬೆಳವಣಿಗೆ ನಿಂತುಹೋಗಿರುತ್ತೆ. ದೇಹ ಅದನ್ನ ಇನ್ನೂ ಹೊರಗೆ ಹಾಕಿರಲ್ಲ. ಎಷ್ಟೋ ಸಲ ನೋವೂ ಇರಲ್ಲ, ರಕ್ತವೂ ಹೋಗಿರಲ್ಲ. ಮಾಮೂಲಿ ಸ್ಕ್ಯಾನಿಂಗಿಗೆ ಹೋದಾಗ ಎದೆಬಡಿತ ಕಾಣ್ತಿಲ್ಲ ಅಂತ ಗೊತ್ತಾಗುತ್ತೆ. ಇದಕ್ಕೆ ವೈದ್ಯಕೀಯ ಇಂಗ್ಲಿಷ್ ಇಟ್ಟಿರುವ ಹೆಸರು ಮಿಸ್ಡ್ ಅಬಾರ್ಷನ್. ಆ ಹೆಂಗಸು ಏನನ್ನೂ ಮಿಸ್ ಮಾಡಿರಲ್ಲ. ಅಬಾರ್ಷನ್ ಅಂತ ಊರು ಯಾವುದನ್ನು ಕರೆಯುತ್ತೋ ಅದನ್ನ ಮಾಡಿಸಿಕೊಂಡಿರೋದೂ ಇಲ್ಲ. ಆದರೂ ಅವಳ ಡಿಸ್ಚಾರ್ಜ್ ಸಮ್ಮರಿಯಲ್ಲಿ, ಅವಳ ಹೆಸರಿನ ಕೆಳಗೆ, ದಪ್ಪ ಅಕ್ಷರದಲ್ಲಿ ಅದೇ ಇರುತ್ತೆ.

ನನ್ನ ಹೊಟ್ಟೆಪಾಡು ಇಂಥ ಪದಗಳಿಂದಲೇ ನಡೆಯೋದು. ಬೆಂಗಳೂರಲ್ಲಿ ಮೆಡಿಕಲ್ ಕೋಡಿಂಗ್ ಕೆಲಸ. ಅಮೆರಿಕದ ಆಸ್ಪತ್ರೆಗಳ ರೋಗಿಗಳ ದಾಖಲೆ ಓದಿ, ಒಂದೊಂದು ಕಾಯಿಲೆಗೂ ಒಂದೊಂದು ಕೋಡ್ ಹಾಕಿ ಇನ್ಶೂರೆನ್ಸಿಗೆ ಕಳಿಸೋದು. ಐಸಿಡಿ-10 ಅನ್ನೋ ಆ ಪಟ್ಟಿಯಲ್ಲಿ ಬಸಿರು, ಹೆರಿಗೆ, ಬಾಣಂತನಕ್ಕೆ ‘ಓ’ ಅಕ್ಷರದಿಂದ ಶುರುವಾಗುವ ಒಂದು ಅಧ್ಯಾಯವೇ ಇದೆ. ತಾನಾಗೇ ಆದದ್ದಕ್ಕೆ ಒಂದು ಕೋಡ್, ವೈದ್ಯರು ಮಾಡಿದ್ದಕ್ಕೆ ಇನ್ನೊಂದು, ಒಳಗೇ ನಿಂತುಹೋದದ್ದಕ್ಕೆ ಮತ್ತೊಂದು. ಕೋಡಿನಲ್ಲಿ ವ್ಯತ್ಯಾಸ ಸ್ಪಷ್ಟವಾಗಿದೆ. ಮನುಷ್ಯರು ಓದುವ ಪದದಲ್ಲಿ ಮಾತ್ರ ಮೂರಕ್ಕೂ ಒಂದೇ ಮುಖ: ಅಬಾರ್ಷನ್. ನನಗೆ ಸಂಬಳ ಕೊಡುವ ಇನ್ಶೂರೆನ್ಸ್ ಕಂಪ್ಯೂಟರಿಗೆ ಗೊತ್ತಾಗುವ ವ್ಯತ್ಯಾಸ, ಆ ಕಾಗದ ಹಿಡಿದು ಬಸ್ಸು ಹತ್ತುವ ಹೆಂಗಸಿಗೆ ಗೊತ್ತಾಗೋದಿಲ್ಲ.

ಇದು ಬರೀ ಪದದ ಜಗಳ ಅಂದುಕೊಳ್ಳಬೇಡಿ. ನಮ್ಮೂರ ಕಡೆ ಈ ಪದ ಏನು ಮಾಡುತ್ತೆ ಹೇಳ್ತೀನಿ ಕೇಳಿ.

ನಮ್ಮದು ಕೆ.ಆರ್. ಪೇಟೆ ತಾಲ್ಲೂಕಿನ ಸಂತೆಬಾಚಹಳ್ಳಿ ಹೋಬಳಿ. ಹೆಸರಲ್ಲೇ ಸಂತೆ ಇದೆ, ಸುದ್ದಿ ಹರಡೋಕೆ ಬೇರೆ ವ್ಯವಸ್ಥೆ ಬೇಕಾಗಿಲ್ಲ. ನನ್ನ ಚಿಕ್ಕಮ್ಮನ ಮಗಳನ್ನ ಅದೇ ಹೋಬಳಿಯ ಒಂದು ಹಳ್ಳಿಗೆ ಕೊಟ್ಟಿದೆ. ಮೊದಲನೆಯದು ಹೆಣ್ಣು ಮಗು. ಎರಡನೆಯದು ಒಂಬತ್ತನೇ ವಾರಕ್ಕೆ ನಿಂತುಹೋಯ್ತು. ಪಟ್ಟಣದ ಒಂದು ಆಸ್ಪತ್ರೆಯಲ್ಲಿ ಒಂದು ದಿನ ಇಟ್ಟುಕೊಂಡು ಗರ್ಭಕೋಶ ಕ್ಲೀನ್ ಮಾಡಿ ಕಳಿಸಿದರು. ಕೈಗೊಂದು ಇಂಗ್ಲಿಷ್ ಕಾಗದ ಕೊಟ್ಟರು. ಯಾರೂ ಕೂರಿಸಿ ಏನಾಯಿತು ಅಂತ ಹೇಳಲಿಲ್ಲ. ‘ರೆಸ್ಟ್ ತಗೊಳ್ಳಮ್ಮ, ಮಾತ್ರೆ ತಗೋ’ ಅಷ್ಟೇ.

ಮಾತ್ರೆ ತರೋಕೆ ಅವಳ ಅತ್ತೆ ಆ ಕಾಗದವನ್ನ ಮೆಡಿಕಲ್ ಶಾಪಿಗೆ ಒಯ್ದರು. ಅಂಗಡಿ ಹುಡುಗ ಓದಿ ಹೇಳಿದ್ದು ಒಂದೇ ಮಾತು. ಅವತ್ತು ಸಂಜೆ ಆ ಅತ್ತೆ ನನಗೇ ಫೋನ್ ಮಾಡಿದರು. ‘ಆಸ್ಪತ್ರೆಲಿ ಕೆಲ್ಸ ಮಾಡೋಳು ನೀನು, ನೀನೇ ಯೋಳವ್ವ. ಇದ್ರಲ್ಲಿ ಅಬಾರ್ಸನ್ ಅಂತ ಬರ್ದವ್ರೆ ಕಣವ್ವ. ತಾನಾಗೇ ಹೋಯ್ತು ಅಂತಾಳೆ ಇವಳು. ತಾನಾಗೇ ಹೋಗಿದ್ರೆ ಅಬಾರ್ಸನ್ ಅಂತ ಯಾಕ್ ಬರೀತಾರೆ?’

ಆ ಅತ್ತೆ ಕೆಟ್ಟವರಲ್ಲ. ಅವರ ಪ್ರಶ್ನೆ ನೂರಕ್ಕೆ ನೂರು ಸರಿಯಾಗಿತ್ತು. ಯಾಕ್ ಬರೀತಾರೆ?

ನಾನು ಕಾಗದದ ಫೋಟೋ ತರಿಸಿಕೊಂಡು, ಸಾಲು ಸಾಲು ಓದಿ, ಅರ್ಧ ಗಂಟೆ ವಿವರಿಸಿದೆ. ಅವರು ಒಪ್ಪಿದರು. ಊರು ಒಪ್ಪಲಿಲ್ಲ. ಊರಿಗೆ ಬೇರೆಯದೇ ಲೆಕ್ಕ ಇತ್ತು. ಅದು 2024ರ ಶುರು. 2023ರ ನವೆಂಬರಿನಲ್ಲಿ ಬೆಂಗಳೂರಿನ ಬೈಯಪ್ಪನಹಳ್ಳಿ ಪೊಲೀಸರು ಬಯಲಿಗೆಳೆದ ಪ್ರಕರಣ ನಿಮಗೆ ನೆನಪಿರಬಹುದು. ಮಂಡ್ಯದ ಹತ್ತಿರ ಒಂದು ಆಲೆಮನೆಯಲ್ಲಿ ಸ್ಕ್ಯಾನಿಂಗ್ ಮೆಷಿನ್ ಇಟ್ಟುಕೊಂಡು ಹೆಣ್ಣೋ ಗಂಡೋ ಹೇಳ್ತಿದ್ದರು, ಹೆಣ್ಣಾದರೆ ತೆಗೆಸೋಕೆ ಮೈಸೂರಿಗೆ ಕಳಿಸ್ತಿದ್ದರು ಅನ್ನೋ ಪ್ರಕರಣ. ತನಿಖೆ ಸಿಐಡಿಗೆ ಹೋಯ್ತು. ಬೆಲ್ಲ ಕಾಯಿಸುವ ಜಾಗದ ಹೆಸರು ಕೇಳಿದರೆ ಜನ ಒಬ್ಬರ ಮುಖ ಒಬ್ಬರು ನೋಡುವ ಹಾಗಾಯ್ತು. ಅಂಥ ಕಾಲದಲ್ಲಿ, ಮೊದಲನೆಯದು ಹೆಣ್ಣಾದ ಒಬ್ಬ ಹುಡುಗಿಯ ಕೈಯಲ್ಲಿ ‘ಅಬಾರ್ಷನ್’ ಅಂತ ಬರೆದ ಕಾಗದ. ಸಂಪು ಹತ್ತಿರ, ಡೈರಿ ಹತ್ತಿರ ಮಾತು ಶುರುವಾಯ್ತು: ‘ಸ್ಕ್ಯಾನ್ ಮಾಡ್ಸಿ ತೆಗೆಸವ್ರೆ.’ ಒಂಬತ್ತು ವಾರಕ್ಕೆ ಸ್ಕ್ಯಾನಿಂಗಿನಲ್ಲಿ ಹೆಣ್ಣೋ ಗಂಡೋ ಗೊತ್ತಾಗೋದಿಲ್ಲ ಅಂತ ಡೈರಿ ಹತ್ತಿರ ಯಾರು ಹೋಗಿ ಹೇಳೋದು?

ಮಗು ಕಳಕೊಂಡವಳು ಅತ್ತು ಮುಗಿಸೋದಕ್ಕೆ ಮೊದಲೇ ಅಪರಾಧಿ ಆದಳು. ಅಷ್ಟಾಗಿದ್ದು ಒಂದು ಪದದಿಂದ.

ಈಗ ಕನ್ನಡ ನೋಡಿ. ನಮ್ಮ ಅಜ್ಜಿಯಂದಿರಿಗೆ ಈ ಗೊಂದಲವೇ ಇರಲಿಲ್ಲ. ‘ಬಸಿರು ನಿಲ್ಲಲಿಲ್ಲ’ ಅಂದರೆ ಒಂದು. ‘ಬಸಿರು ತೆಗೆಸಿದರು’ ಅಂದರೆ ಇನ್ನೊಂದು. ಇಂಗ್ಲಿಷ್ ಪದ ಬಂದಮೇಲೂ ಊರ ಹೆಂಗಸರು ಬುದ್ಧಿ ಬಿಡಲಿಲ್ಲ. ‘ಅಬಾರ್ಷನ್ ಆಯ್ತು’ ಅಂತಾರೆ, ‘ಅಬಾರ್ಷನ್ ಮಾಡಿಸಿದ್ರು’ ಅಂತಾರೆ. ಆಗು, ಮಾಡಿಸು. ಕನ್ನಡದ ಎರಡು ಕ್ರಿಯಾಪದಗಳು ಸೇರಿ, ಇಂಗ್ಲಿಷ್ ನಾಮಪದ ಮುಚ್ಚಿಟ್ಟದ್ದನ್ನ ಬಿಚ್ಚಿ ತೋರಿಸುತ್ತವೆ. ಆದರೆ ಆಸ್ಪತ್ರೆಯ ಕಾಗದದಲ್ಲಿ ಕ್ರಿಯಾಪದ ಇರೋದಿಲ್ಲ. ಡಯಾಗ್ನೋಸಿಸ್ ಅಂತ ಹಾಕಿ ಎದುರಿಗೆ ಒಂದು ನಾಮಪದ ಬರೆದು ಸೀಲು ಒತ್ತುತ್ತಾರೆ. ಆಯ್ತಾ, ಮಾಡಿಸಿದ್ರಾ ಅನ್ನೋದನ್ನ ಓದೋರ ಕಲ್ಪನೆಗೆ ಬಿಟ್ಟುಬಿಡ್ತಾರೆ. ಓದೋರ ಕಲ್ಪನೆ ಹೆಂಗಸಿನ ವಿಷಯದಲ್ಲಿ ಯಾವ ಕಡೆ ಹೋಗುತ್ತೆ ಅಂತ ನಾನು ಹೇಳಬೇಕಾ?

ಇದೇ ದೂರು ಇಂಗ್ಲಿಷರ ನಾಡಿನಲ್ಲೂ ಇತ್ತು. 1985ರಲ್ಲಿ ಅಲ್ಲಿನ ಪ್ರಸೂತಿ ತಜ್ಞರೇ ‘ಲ್ಯಾನ್ಸೆಟ್’ ಪತ್ರಿಕೆಗೆ ಬರೆದು, ತಾನಾಗಿ ಬಸಿರು ಕಳಕೊಂಡವರಿಗೆ ಅಬಾರ್ಷನ್ ಅನ್ನೋ ಪದ ಬಳಸಬೇಡಿ, ಮಿಸ್‌ಕ್ಯಾರೇಜ್ ಅನ್ನಿ ಅಂದರು. ಬರಬರುತ್ತಾ ಅಲ್ಲಿನ ಆಸ್ಪತ್ರೆಗಳು ಬದಲಾದವು. ನಲವತ್ತು ವರ್ಷ ಆಯ್ತು. ಅವರು ಬಿಟ್ಟ ಹಳೇ ಪದವನ್ನ ನಾವು ಇನ್ನೂ ಒಗೆದು ಒಗೆದು ಉಡ್ತಾ ಇದ್ದೀವಿ.

ಕನ್ನಡದ ಪುಸ್ತಕ ಭಾಷೆಯೂ ಇಲ್ಲಿ ಸಾಚಾ ಅಲ್ಲ. ಶಿಷ್ಟ ಕನ್ನಡದಲ್ಲಿ ಎರಡಕ್ಕೂ ಒಂದೇ ಪದ, ‘ಗರ್ಭಪಾತ’. ‘ಗರ್ಭಸ್ರಾವ’ ಅಂತ ಇನ್ನೊಂದಿದೆ, ಅದನ್ನ ಆಡುವವರು ಯಾರೂ ಇಲ್ಲ. ಅಂದರೆ ಇಂಗ್ಲಿಷ್ ಬಿಟ್ಟು ಸಂಸ್ಕೃತ ಹಾಕಿದ ತಕ್ಷಣ ಹೆಂಗಸಿಗೆ ನ್ಯಾಯ ಸಿಗಲ್ಲ. ನಮ್ಮ ಶಾಲೆಯ ಜೀವಶಾಸ್ತ್ರದ ಪಾಠದಲ್ಲಿ ‘ಜರಾಯು’ ಅಂತ ಓದಿದ್ದು ನೆನಪಿದೆಯಾ? ಪರೀಕ್ಷೆಗೆ ಉರು ಹೊಡೆದು ಎರಡು ಅಂಕ ತಗೊಂಡು ಮರೆತಿದ್ದೀವಿ. ಅದೇ ವಸ್ತುವಿಗೆ ಹಟ್ಟಿಯಲ್ಲಿ ‘ಮಾಸು’ ಅಂತಾರೆ. ಮಗು ಬಂದಮೇಲೆ ಮಾಸು ಬಿತ್ತಾ ಅಂತ ಕೇಳೋದು ಹೆರಿಗೆ ಮಾಡಿಸಿದ ಪ್ರತಿಯೊಬ್ಬ ಮುದುಕಿಗೂ ಗೊತ್ತಿತ್ತು, ಯಾಕಂದ್ರೆ ಮಾಸು ಬೀಳದಿದ್ದರೆ ರಕ್ತ ಹೋಗಿ ಜೀವ ಹೋಗುತ್ತೆ. ಎರಡು ಅಕ್ಷರದ, ಬದುಕಿಸುವ ಪದ. ಅದನ್ನ ಪಠ್ಯಪುಸ್ತಕದ ಹೊಸಿಲು ದಾಟೋಕೆ ಬಿಡಲಿಲ್ಲ ನಾವು.

ಹಾಗೇ ‘ಚೊಚ್ಚಲು’. ಮೊದಲ ಬಸಿರು, ಮೊದಲ ಹೆರಿಗೆ. ವಯಸ್ಸು ಎಷ್ಟಾದರೂ ಚೊಚ್ಚಲು ಚೊಚ್ಚಲೇ. ಆಸ್ಪತ್ರೆಯಲ್ಲಿ 35 ದಾಟಿದವಳ ಚೊಚ್ಚಲು ಬಸಿರಿಗೆ ಏನಂತಾರೆ ಗೊತ್ತಾ? ಎಲ್ಡರ್ಲಿ ಪ್ರೈಮಿ. ವಯಸ್ಸಾದ ಮೊದಲ ಬಸುರಿ! ಈ ಪುಸ್ತಕ ಓದ್ತಿರೋ ನಿಮ್ಮಲ್ಲಿ ಅರ್ಧ ಜನ ಮೂವತ್ತು ದಾಟಿ ಮದುವೆ ಆಗೋರು. ಹೋಮ್ ಲೋನ್ ಕೊಡೋ ಬ್ಯಾಂಕಿಗೆ ನೀವು ಇನ್ನೂ ಯುವಜನ, ಹೆರಿಗೆ ವಾರ್ಡಿಗೆ ಮುದುಕಿ.

ಪಟ್ಟಿ ಇಲ್ಲಿಗೆ ಮುಗಿಯಲ್ಲ. ಗರ್ಭಕೋಶದ ಬಾಯಿ ಬೇಗ ಸಡಿಲವಾದರೆ ಅದು ‘ಇನ್‌ಕಾಂಪಿಟೆಂಟ್ ಸರ್ವಿಕ್ಸ್’, ಅಸಮರ್ಥ. ಹೆರಿಗೆ ನಿಧಾನವಾದರೆ ‘ಫೇಲ್ಯೂರ್ ಟು ಪ್ರೋಗ್ರೆಸ್’, ಅವಳು ಫೇಲು. ಮೂರು ಸಲ ಬಸಿರು ನಿಲ್ಲದಿದ್ದರೆ ಐಸಿಡಿ-10 ಪ್ರಕಾರ ಅವಳು ‘ಹ್ಯಾಬಿಚುಯಲ್ ಅಬಾರ್ಟರ್’, ಅದೇನೋ ಅವಳ ಚಾಳಿ ಅನ್ನೋ ಹಾಗೆ. ಹೊಸ ಐಸಿಡಿ-11ರಲ್ಲಿ ಆ ಪದ ಬಿಟ್ಟು ‘ಮತ್ತೆ ಮತ್ತೆ ಬಸಿರು ಕಳಕೊಳ್ಳುವುದು’ ಅನ್ನೋ ಅರ್ಥದ ಪದ ತಂದಿದ್ದಾರೆ. ಬದಲಾಯಿಸಬಹುದು ಅಂತಾಯ್ತಲ್ಲ. ನಮ್ಮ ದೇಶದ ಕೇಸ್ ಶೀಟಿನಲ್ಲಿ ಇನ್ನೂ ಎರಡು ಇವೆ: ‘ಬ್ಯಾಡ್ ಅಬ್‌ಸ್ಟೆಟ್ರಿಕ್ ಹಿಸ್ಟರಿ’ ಮತ್ತು ‘ಪ್ರೆಷಸ್ ಪ್ರೆಗ್ನೆನ್ಸಿ’. ಹಿಂದೆ ಕಳಕೊಂಡವಳದು ಕೆಟ್ಟ ಚರಿತ್ರೆ. ಬಹಳ ವರ್ಷದ ಮೇಲೆ, ಬಹಳ ದುಡ್ಡು ಸುರಿದಮೇಲೆ ನಿಂತದ್ದು ಅಮೂಲ್ಯ ಬಸಿರು. ಮಿಕ್ಕವರದೆಲ್ಲ ಏನು, ಸಗಟು ಮಾಲಾ?

ಗಂಡಸರ ಅಂಗಗಳಿಗೆ ಇಂಥ ಬೈಗುಳ ಇಲ್ಲದಿರೋದು ಆಕಸ್ಮಿಕ ಅಲ್ಲ. ಹೆಣ್ಣಿನ ಹೊರ ಜನನಾಂಗಕ್ಕೆ ಲ್ಯಾಟಿನ್ನಿನಲ್ಲಿ ‘ಪುಡೆಂಡಮ್’ ಅಂತ ಹೆಸರಿತ್ತು, ನಾಚಿಕೆಪಡಬೇಕಾದದ್ದು ಅಂತ ಅದರ ಅರ್ಥ. ಅಂತರರಾಷ್ಟ್ರೀಯ ಅಂಗರಚನಾ ಪದಪಟ್ಟಿಯಿಂದ ಅದನ್ನ ತೆಗೆದದ್ದು 2019ರಲ್ಲಿ. ನಾವೇನು ಕಮ್ಮಿಯಾ? ನಮ್ಮ ಪತ್ರಿಕೆಗಳು ಇವತ್ತಿಗೂ ‘ಗುಪ್ತಾಂಗ’ ಅಂತ ಬರೆಯುತ್ತವೆ. ಗುಪ್ತವಾಗಿಡಬೇಕಾದ ಅಂಗದಲ್ಲಿ ನೋವಿದೆ, ತುರಿಕೆ ಇದೆ, ಗಂಟಿದೆ ಅಂತ ಡಾಕ್ಟರ ಹತ್ತಿರ ಹೇಳೋದು ಹೇಗೆ? ಬೆಂಗಳೂರಲ್ಲಿ ಓದಿದ ಹುಡುಗಿಯರೂ ‘ಅಲ್ಲಿ’, ‘ಕೆಳಗೆ’, ‘ಲೇಡೀಸ್ ಪ್ರಾಬ್ಲಮ್’ ಅಂತಾನೇ ಶುರು ಮಾಡೋದು.

ಕನ್ನಡ ತನ್ನ ಕ್ರೌರ್ಯಕ್ಕೂ ಲೆಕ್ಕ ಕೊಡಬೇಕು. ‘ಬಂಜೆ’ ಅನ್ನೋ ಪದವನ್ನ ಯಾವ ಡಾಕ್ಟರೂ ಕಂಡುಹಿಡಿಯಲಿಲ್ಲ, ನಾವೇ ಕೊಟ್ಟದ್ದು. ಅದಕ್ಕೆ ಪುಲ್ಲಿಂಗ ಇಲ್ಲ. ಮಕ್ಕಳಾಗದ ದಂಪತಿಗಳಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಕಡೆ ಗಂಡಸಿನ ಕಾರಣವೂ ಸೇರಿರುತ್ತೆ ಅಂತ ವೈದ್ಯಶಾಸ್ತ್ರ ಹೇಳುತ್ತೆ. ಆದರೂ ಹೈವೇ ಪಕ್ಕದ ಬೋರ್ಡು ನೋಡಿ: ‘ಬಂಜೆತನ ನಿವಾರಣಾ ಕೇಂದ್ರ’. ಗಂಡಸಿಗೆ ತೊಂದರೆ ಇದ್ದರೆ ‘ಪುರುಷ ಬಂಜೆತನ’ ಅಂತೆ. ತೊಂದರೆ ಅವನದಾದರೂ ಬೈಗುಳ ಅವಳದೇ. ಹಾಗಾಗಿ ‘ಹಳೇದೆಲ್ಲ ಚಿನ್ನ’ ಅನ್ನೋ ರಾಗ ನಾನು ಹಾಡ್ತಿಲ್ಲ. ಬದುಕಿಸುವ ಪದ ಉಳಿಯಲಿ, ಚುಚ್ಚುವ ಪದ ಹೋಗಲಿ. ಅದು ಯಾವ ಭಾಷೆಯಿಂದ ಬಂದರೇನು?

ಪದ ಚುಚ್ಚೋದಷ್ಟೇ ಅಲ್ಲ, ಕತ್ತರಿಸುತ್ತೆ ಕೂಡ. ‘ಗಡ್ಡೆ’ ಅನ್ನೋ ಪದ ತಗೊಳ್ಳಿ. ಫೈಬ್ರಾಯ್ಡೂ ಗಡ್ಡೆ, ಅಂಡಾಶಯದ ನೀರುಗುಳ್ಳೆಯೂ ಗಡ್ಡೆ, ಕ್ಯಾನ್ಸರೂ ಗಡ್ಡೆ. ಫೈಬ್ರಾಯ್ಡ್ ಅನ್ನೋದು ಗರ್ಭಕೋಶದ ಸ್ನಾಯುವಿನ ಗಂಟು. ಬಹಳ ಹೆಂಗಸರಲ್ಲಿ ಇರುತ್ತೆ, ಎಷ್ಟೋ ಜನಕ್ಕೆ ತೊಂದರೆಯನ್ನೇ ಕೊಡಲ್ಲ, ಮುಟ್ಟು ನಿಂತಮೇಲೆ ಸಾಮಾನ್ಯವಾಗಿ ಕುಗ್ಗುತ್ತೆ, ಕ್ಯಾನ್ಸರ್ ಆಗೋದು ತೀರಾ ಅಪರೂಪ. ಡಾಕ್ಟರ ಇಂಗ್ಲಿಷಿನಲ್ಲಿ ಈ ಮೂರಕ್ಕೂ ಬೇರೆ ಬೇರೆ ಹೆಸರಿದೆ. ರೋಗಿಯ ಕಡೆ ತಿರುಗಿದ ತಕ್ಷಣ ಮೂರೂ ‘ಗಡ್ಡೆ ಇದೆಯಮ್ಮ’ ಆಗಿಬಿಡುತ್ತೆ. ಅದರ ಹಿಂದೆಯೇ ‘ಮುಂದೆ ಕ್ಯಾನ್ಸರ್ ಆದ್ರೆ ಕಷ್ಟ, ತೆಗೆಸಿಬಿಡಿ’. ಮಕ್ಕಳಾಗಿ ಮುಗಿದಿದೆ, ಇನ್ನು ಗರ್ಭಕೋಶ ಯಾಕೆ? ಹೆದರಿದವಳು ಹೆಬ್ಬೆಟ್ಟು ಒತ್ತುತ್ತಾಳೆ.

ಉತ್ಪ್ರೇಕ್ಷೆ ಅನ್ನಿಸಿದರೆ ಕಲಬುರಗಿಗೆ ಹೋಗಿ ಕೇಳಿ. ಹೊಟ್ಟೆನೋವು, ಬೆನ್ನುನೋವು, ಬಿಳಿ ಸೆರಗು ಅಂತ ಖಾಸಗಿ ಆಸ್ಪತ್ರೆಗಳಿಗೆ ಹೋದ ತಾಂಡಾದ ಲಂಬಾಣಿ ಹೆಂಗಸರ, ದಲಿತ ಹೆಂಗಸರ ಗರ್ಭಕೋಶಗಳನ್ನ ಸಾಲುಸಾಲಾಗಿ ತೆಗೆದ ಸುದ್ದಿ 2015ರ ಹೊತ್ತಿಗೆ ರಾಜ್ಯಕ್ಕೆಲ್ಲ ಗೊತ್ತಾಯ್ತು. ಅವರಲ್ಲಿ ಬಹಳ ಜನಕ್ಕೆ 40 ಕೂಡ ಆಗಿರಲಿಲ್ಲ. ಪ್ರತಿಭಟನೆ ಆಯ್ತು, ಸರ್ಕಾರಿ ತನಿಖೆ ಆಯ್ತು. ಬೇರೆ ರಾಜ್ಯಗಳ ಇಂಥದ್ದೇ ಪ್ರಕರಣಗಳು ಸುಪ್ರೀಂ ಕೋರ್ಟಿಗೆ ಹೋಗಿ, 2023ರಲ್ಲಿ ಕೋರ್ಟು ಬೇಡದ ಗರ್ಭಕೋಶದ ಆಪರೇಷನ್ ತಡೆಯುವ ಮಾರ್ಗಸೂಚಿಯನ್ನ ಎಲ್ಲ ರಾಜ್ಯಗಳೂ ಮೂರು ತಿಂಗಳಲ್ಲಿ ಜಾರಿಗೆ ತರಬೇಕು ಅಂತ ಹೇಳಿತು.

ನೆನಪಿಡಿ, ಆ ಹೆಂಗಸರಲ್ಲಿ ಯಾರನ್ನೂ ಕಟ್ಟಿಹಾಕಿ ಆಪರೇಷನ್ ಮಾಡಿದ್ದಲ್ಲ. ಒಂದು ಪದದಲ್ಲಿ ಹೆದರಿಸಿ, ಇನ್ನೊಂದು ಭಾಷೆಯ ಕಾಗದದ ಮೇಲೆ ಒಪ್ಪಿಗೆ ತಗೊಂಡದ್ದು. ಒಪ್ಪಿಗೆ ಅಂದರೆ ಏನು ಅಂತ ಸುಪ್ರೀಂ ಕೋರ್ಟು 2008ರಲ್ಲೇ ಸಮೀರಾ ಕೊಹ್ಲಿ ಪ್ರಕರಣದಲ್ಲಿ ಬಿಡಿಸಿ ಹೇಳಿದೆ. ಪರೀಕ್ಷೆ ಮಾಡೋಕೆ ಅಂತ ಅರಿವಳಿಕೆ ಕೊಟ್ಟು ಮಲಗಿಸಿದ ಮಹಿಳೆಯ ಗರ್ಭಕೋಶ, ಅಂಡಾಶಯಗಳನ್ನ ಹೊರಗೆ ಕೂತಿದ್ದ ತಾಯಿಯ ಒಪ್ಪಿಗೆ ಪಡೆದು ತೆಗೆದಿದ್ದರು. ಕೋರ್ಟು ಅದು ಒಪ್ಪಿಗೆಯೇ ಅಲ್ಲ ಅಂದಿತು. ಪರೀಕ್ಷೆಗೆ ಕೊಟ್ಟ ಒಪ್ಪಿಗೆ ಚಿಕಿತ್ಸೆಗೆ ಆಗಲ್ಲ, ಏನು ಮಾಡ್ತೀವಿ, ಬೇರೆ ದಾರಿ ಏನಿದೆ, ಮಾಡಿಸದಿದ್ದರೆ ಏನಾಗುತ್ತೆ ಅಂತ ರೋಗಿಗೆ ತಿಳಿಸಿರಬೇಕು. ನಾನು ಕೇಳೋದಿಷ್ಟೇ: ಓದೋಕಾಗದ ಭಾಷೆಯಲ್ಲಿ ತಿಳಿಸಿದರೆ ತಿಳಿಸಿದ ಹಾಗಾ?

ಈಗ ದೊಡ್ಡ ಪದಕ್ಕೆ ಬರ್ತೀನಿ. ‘ಭ್ರೂಣಹತ್ಯೆ’. ಆಲೆಮನೆ ಪ್ರಕರಣ ಆದಮೇಲೆ, ಮತ್ತೆ 2024ರ ಮೇ ತಿಂಗಳಲ್ಲಿ ಪಾಂಡವಪುರದ ಆರೋಗ್ಯ ಇಲಾಖೆ ವಸತಿಗೃಹದ ಪ್ರಕರಣ ಆದಮೇಲೆ, ನಮ್ಮ ಜಿಲ್ಲೆಯ ಗೋಡೆ, ಪತ್ರಿಕೆ, ಭಾಷಣ ಎಲ್ಲದರಲ್ಲೂ ಇದೇ ಪದ. ಮಾಡಿದವರಿಗೆ ಶಿಕ್ಷೆ ಆಗಲಿ, ಅದರಲ್ಲಿ ನನಗೆ ಎರಡು ಮಾತಿಲ್ಲ. ಹೆಣ್ಣು ಬೇಡ ಅನ್ನೋ ಮನೆಗಳ ನಡುವೆ ಹೆಣ್ಣಾಗಿಯೇ ಬೆಳೆದವಳು ನಾನು. ಆದರೆ ಈ ಪದ ಬಲೆ ಬೀಸುವಾಗ ತಪ್ಪು ಮೀನೂ ಸಿಕ್ಕಿಬೀಳುತ್ತೆ.

ಕಾನೂನು ಏನು ಹೇಳುತ್ತೆ? 1994ರ ಕಾಯ್ದೆಯ ಪ್ರಕಾರ ಅಪರಾಧ ಇರೋದು ಲಿಂಗ ಪತ್ತೆ ಮಾಡೋದರಲ್ಲಿ, ಹೇಳೋದರಲ್ಲಿ, ಕೇಳಿ ಮಾಡಿಸೋದರಲ್ಲಿ. ಅಷ್ಟೇ ಅಲ್ಲ, ಬಸುರಿಯನ್ನ ಗಂಡನೋ ನೆಂಟರೋ ಬಲವಂತ ಮಾಡಿ ಕರಕೊಂಡು ಬಂದಿದ್ದಾರೆ ಅಂತಲೇ ಆ ಕಾಯ್ದೆ ಭಾವಿಸಿಕೊಂಡು ಹೊರಡುತ್ತೆ, ಬೇರೆ ಏನಾದರೂ ಸಾಬೀತಾಗುವ ತನಕ. ಇನ್ನೊಂದು ಕಡೆ, 1971ರಿಂದಲೇ ಈ ದೇಶದಲ್ಲಿ ವೈದ್ಯರ ಅಭಿಪ್ರಾಯದ ಮೇಲೆ ಗರ್ಭಪಾತ ಕಾನೂನುಬದ್ಧ. 2021ರ ತಿದ್ದುಪಡಿಯ ನಂತರ 20 ವಾರದ ತನಕ ಒಬ್ಬ ವೈದ್ಯರ ಅಭಿಪ್ರಾಯ ಸಾಕು, ಕೆಲವು ಸಂದರ್ಭಗಳಲ್ಲಿ 24 ವಾರದ ತನಕ ಇಬ್ಬರದು ಬೇಕು. ‘ಮದುವೆಯಾದ ಹೆಂಗಸು, ಆಕೆಯ ಗಂಡ’ ಅಂತ ಇದ್ದದ್ದು ‘ಹೆಂಗಸು, ಆಕೆಯ ಸಂಗಾತಿ’ ಅಂತಾಯ್ತು. ಮದುವೆ ಆಗದವರಿಗೂ ಇದೇ ಹಕ್ಕು ಅಂತ ಸುಪ್ರೀಂ ಕೋರ್ಟು 2022ರ ಸೆಪ್ಟೆಂಬರ್ 29ರಂದು ಹೇಳಿತು. 18 ತುಂಬಿದವಳಿಗೆ ಬೇಕಾದದ್ದು ಅವಳದೊಂದೇ ಸಹಿ. ಗಂಡನ ಸಹಿ ಕಾನೂನಿನಲ್ಲಿ ಎಲ್ಲೂ ಇಲ್ಲ.

ಒಂದು ಅಪರಾಧ, ಇನ್ನೊಂದು ಹಕ್ಕು. ಕನ್ನಡದ ಬೀದಿಯಲ್ಲಿ ಎರಡಕ್ಕೂ ಒಂದೇ ಹೆಸರು ಅಂಟಿಬಿಟ್ಟಿದೆ, ಹತ್ಯೆ. ಅತ್ಯಾಚಾರವಾದ ಹುಡುಗಿ, ಕಾಪರ್-ಟಿ ಇದ್ದೂ ಬಸುರಾದ ಎರಡು ಮಕ್ಕಳ ತಾಯಿ, ಆಫೀಸಿನ ನಿಮ್ಮ ಪಕ್ಕದ ಸೀಟಿನ ಮದುವೆಯಾಗದ ಗೆಳತಿ, ಇವರೆಲ್ಲ ಕೇಳೋಕೆ ಬಾಯಿ ತೆಗೆಯುವ ಮೊದಲೇ ಕೊಲೆಗಾರರು. ಕೇಳೋಕೆ ಪದ ಇಲ್ಲದಿದ್ದಾಗ ಹಕ್ಕು ಇದ್ದೂ ಇಲ್ಲ. ಆಮೇಲೆ ಅವರು ಎಲ್ಲಿಗೆ ಹೋಗ್ತಾರೆ? ಪದ ಕೇಳದ, ಬಿಲ್ಲು ಕೊಡದ, ಬಾಗಿಲು ಮುಚ್ಚಿದ ಕಡೆಗೆ. ‘ಹೆಣ್ಣು ಭ್ರೂಣಹತ್ಯೆ’ ಅನ್ನೋ ಬದಲು ‘ಲಿಂಗ ಪತ್ತೆ ದಂಧೆ’ ಅಂತ ಬರೆಯೋಕೆ ಪತ್ರಿಕೆಗಳಿಗೆ ಏನು ಕಷ್ಟ? ಆ ಪದದಲ್ಲಿ ಅಪರಾಧಿ ಮೆಷಿನ್ ಇಟ್ಟವನು. ಈಗಿನ ಪದದಲ್ಲಿ ಕಟಕಟೆ ಹತ್ತೋದು ಹೊಟ್ಟೆ ಹೊತ್ತವಳು.

ಇನ್ನೊಂದು ವಿಚಿತ್ರ ನೋಡಿ. ಪ್ರತಿ ಸ್ಕ್ಯಾನಿಂಗ್ ಸೆಂಟರಿನಲ್ಲೂ ‘ಇಲ್ಲಿ ಲಿಂಗ ಪತ್ತೆ ಮಾಡುವುದಿಲ್ಲ’ ಅನ್ನೋ ಬೋರ್ಡು ಕನ್ನಡದಲ್ಲಿ ಇರುತ್ತೆ. ಅವರಿಗೆ ಕನ್ನಡದ ಮೇಲೆ ಪ್ರೀತಿ ಉಕ್ಕಿದ್ದಲ್ಲ, ಇಂಗ್ಲಿಷಿನ ಜೊತೆ ಸ್ಥಳೀಯ ಭಾಷೆಯಲ್ಲೂ ಹಾಕಬೇಕು ಅಂತ ನಿಯಮ ಇದೆ. ಅದೇ ಕಾಯ್ದೆ, ಬಸುರಿಯ ಮೇಲೆ ಭ್ರೂಣದ ಪರೀಕ್ಷೆ ನಡೆಸುವ ಮೊದಲು ಅವಳಿಗೆ ಅರ್ಥವಾಗುವ ಭಾಷೆಯಲ್ಲಿ ಲಿಖಿತ ಒಪ್ಪಿಗೆ ತಗೋಬೇಕು ಅಂತಲೂ ಹೇಳುತ್ತೆ. ಅಂದರೆ ಭಾಷೆ ಮುಖ್ಯ ಅಂತ ಕಾನೂನಿಗೆ ಗೊತ್ತು. ಹಾಗಾದರೆ ಗೋಡೆ ಮೇಲಿನ ಎಚ್ಚರಿಕೆ ಕನ್ನಡದಲ್ಲಿ, ಕೈಗೆ ಕೊಡೋ ರಿಪೋರ್ಟು ಮಾತ್ರ ಇಂಗ್ಲಿಷಿನಲ್ಲಿ ಯಾಕೆ? ಹೆದರಿಸೋಕೆ ಬೇಕಾದ ಕನ್ನಡ ತಿಳಿಸೋಕೆ ಬೇಡವಾ? ದಂಧೆ ಮಾಡುವವರನ್ನ ನೋಡಿ. ಉತ್ತರ ಭಾರತದಲ್ಲಿ ಲಡ್ಡು ಅಂದರೆ ಗಂಡು, ಜಿಲೇಬಿ ಅಂದರೆ ಹೆಣ್ಣು ಅಂತ ಸಂಕೇತ ಕಟ್ಟಿಕೊಂಡರು. ಯಾರಿಗೂ ಡಿಕ್ಷನರಿ ಬೇಕಾಗಲಿಲ್ಲ. ಅಪರಾಧ ಮಾಡುವವನಿಗೆ ಜನರ ಭಾಷೆ ಬರುತ್ತೆ, ಚಿಕಿತ್ಸೆ ಮಾಡುವವನಿಗೆ ಬರಲ್ಲ ಅಂದರೆ ನಂಬೋಣವಾ?

ಡಾಕ್ಟರ್ ಗೆಳೆಯರು ಹೇಳುವ ಉತ್ತರ ನನಗೆ ಗೊತ್ತು. ‘ವೈದ್ಯಕೀಯ ಪದ ಜಗತ್ತಿಗೆಲ್ಲ ಒಂದೇ ಇರಬೇಕು. ನಾಳೆ ಅವಳು ಮುಂಬೈಗೆ ಹೋದರೆ ಅಲ್ಲಿನ ಡಾಕ್ಟರಿಗೆ ಮಾಸು, ಚೊಚ್ಚಲು ಏನು ಅರ್ಥ ಆಗುತ್ತೆ?’ ನಿಜ. ಆ ಪದಗಳನ್ನ ಕೋಡ್ ಮಾಡಿ ಊಟ ಮಾಡೋಳು ನಾನು, ಅವನ್ನ ಅಳಿಸಿ ಅಂತ ಹೇಳಲ್ಲ. ಡಾಕ್ಟರಿಗೆ ಬೇಕಾದ ಪುಟ ಡಾಕ್ಟರಿಗೆ ಇರಲಿ. ಅದರ ಹಿಂದೆ ಅವಳಿಗೆ ಒಂದು ಪುಟ ಬೇಕು. ಕಾಗದ ಅವಳದು, ಮೈ ಅವಳದು, ಬಿಲ್ಲು ಕಟ್ಟಿದ್ದೂ ಅವಳ ಮನೆಯವರೇ.

‘ಕನ್ನಡದಲ್ಲಿ ಪದಗಳೇ ಇಲ್ಲ’ ಅನ್ನುವವರಿಗೆ ಅನುಪಮಾ ನಿರಂಜನ ಅವರನ್ನ ನೆನಪಿಸ್ತೀನಿ. ಸ್ವತಃ ವೈದ್ಯೆ. ‘ತಾಯಿ-ಮಗು’, ‘ವಧುವಿಗೆ ಕಿವಿಮಾತು’ ಬರೆದು ಬಸಿರು, ಬಾಣಂತನ, ಲೈಂಗಿಕತೆ ಎಲ್ಲವನ್ನೂ ಕನ್ನಡದ ಹೆಣ್ಣುಮಕ್ಕಳಿಗೆ ಮುಚ್ಚುಮರೆ ಇಲ್ಲದೆ ಹೇಳಿದವರು. ಅವರು ತೀರಿಕೊಂಡದ್ದು 1991ರಲ್ಲಿ. ಇನ್ನು ಪಾವಗಡದ ಸೂಲಗಿತ್ತಿ ನರಸಮ್ಮ. 15,000ಕ್ಕೂ ಹೆಚ್ಚು ಹೆರಿಗೆ ಮಾಡಿಸಿದವರು ಅಂತ 2018ರಲ್ಲಿ ಪದ್ಮಶ್ರೀ ಕೊಟ್ಟರು. ಅವರಿಗೆ ಇಂಗ್ಲಿಷ್ ಬರುತ್ತಿರಲಿಲ್ಲ. ಹೆರಿಗೆ ನೋವು ತಿನ್ನುತ್ತಿರುವವಳಿಗೆ ಏನು ಮಾಡಬೇಕು ಅಂತ ಹೇಳೋಕೆ ಪದ ಸಾಲದೆ ಅವರು ಒದ್ದಾಡಿದರು ಅಂತ ಯಾರಾದರೂ ಹೇಳಿದ್ದುಂಟಾ? ಹೆರಿಗೆಯನ್ನ ಆಸ್ಪತ್ರೆಗೆ ತಂದದ್ದು ಒಳ್ಳೇದಾಯ್ತು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ಕರ್ನಾಟಕದಲ್ಲಿ ನೂರಕ್ಕೆ 97 ಹೆರಿಗೆ ಆಸ್ಪತ್ರೆಯಲ್ಲೇ. ಜೀವ ಉಳಿದಿವೆ. ಆದರೆ ಹೆರಿಗೆ ಆಸ್ಪತ್ರೆಗೆ ಬಂತು, ಹೆರಿಗೆಯ ಮಾತು ಗೇಟಿನ ಹೊರಗೇ ಉಳೀತು.

ಆ ಮಾತಿನಲ್ಲಿ ಏನಿತ್ತು ಅಂತ ಒಂದು ಉದಾಹರಣೆ ಕೊಡ್ತೀನಿ. ‘ಹೆರು’ ಅನ್ನೋ ಕ್ರಿಯಾಪದ ನೋಡಿ. ‘ಅವಳು ಹೆತ್ತಳು.’ ಕರ್ತೃ ಅವಳು. ಕೆಲಸ ಮಾಡಿದ್ದು ಅವಳು. ಈಗ ನಾವೇನಂತೀವಿ? ‘ಡೆಲಿವರಿ ಆಯ್ತು’, ‘ಡಾಕ್ಟರ್ ಡೆಲಿವರಿ ಮಾಡಿದ್ರು.’ ಅಮೆಜಾನ್ ಪಾರ್ಸೆಲ್ ಥರ! ಜೊತೆಗೆ ‘ನಾರ್ಮಲ್ಲಾ, ಸಿಸೇರಿಯನ್ನಾ?’ ಅದೇ ಸಮೀಕ್ಷೆಯ ಲೆಕ್ಕದಲ್ಲಿ ರಾಜ್ಯದ ನೂರು ಹೆರಿಗೆಗಳಲ್ಲಿ 31ರಷ್ಟು ಸಿಸೇರಿಯನ್. ನೂರರಲ್ಲಿ ಮೂವತ್ತು ಹೆಂಗಸರು ಅಬ್‌ನಾರ್ಮಲ್ಲಾ? ಹೊಟ್ಟೆ ಕೊಯ್ಯಿಸಿಕೊಂಡು ಹೆತ್ತವಳೂ ಹೆತ್ತವಳೇ.

‘ಬಾಣಂತಿ’ ಅನ್ನೋ ಪದವನ್ನಂತೂ ಕಣ್ಣಿಗೊತ್ತಿಕೊಳ್ಳಬೇಕು. ಇಂಗ್ಲಿಷಿನಲ್ಲಿ ಅದಕ್ಕೆ ಒಂದು ನೆಟ್ಟಗಿನ ಪದವಿಲ್ಲ. ಮಗು ಹುಟ್ಟಿದಮೇಲೂ ಇವಳ ಜೀವ ಇನ್ನೂ ದಡ ಸೇರಿಲ್ಲ, ಇವಳನ್ನ ನೋಡಿಕೊಳ್ಳಿ ಅಂತ ಆ ಒಂದು ಪದವೇ ಹೇಳುತ್ತೆ. 2024ರ ನವೆಂಬರಿನಲ್ಲಿ ಬಳ್ಳಾರಿಯ ಸರ್ಕಾರಿ ಆಸ್ಪತ್ರೆಯಲ್ಲಿ ಸಿಸೇರಿಯನ್ ಆದವರು ಒಬ್ಬರ ಹಿಂದೊಬ್ಬರು ತೀರಿಹೋದಾಗ, ಕೊಟ್ಟಿದ್ದ ಐವಿ ದ್ರಾವಣದ ಮೇಲೆ ಅನುಮಾನ ಬಂದಾಗ, ರಾಜ್ಯವನ್ನ ಎಬ್ಬಿಸಿದ ಶೀರ್ಷಿಕೆ ‘ಬಾಣಂತಿಯರ ಸಾವು’. ‘ಮೆಟರ್ನಲ್ ಮಾರ್ಟಾಲಿಟಿ’ ಅನ್ನೋ ಅಂಕಿಗೆ ಯಾರೂ ಎದ್ದು ಕೂರಲ್ಲ. ಬಾಣಂತಿ ಸತ್ತಳು ಅಂದರೆ ಕಲ್ಲೂ ತಿರುಗಿ ನೋಡುತ್ತೆ. ಪದಕ್ಕೆ ಅಷ್ಟು ಶಕ್ತಿ ಇದೆ.

ಹಾಗಾಗಿ ನನ್ನ ಬೇಡಿಕೆ ಚಿಕ್ಕದು. ತಾಯಿ ಕಾರ್ಡನ್ನ ಕನ್ನಡದಲ್ಲಿ ಅಚ್ಚು ಹಾಕಿ ಹಳ್ಳಿ ಹಳ್ಳಿಗೆ ಮುಟ್ಟಿಸಿದ ಸರ್ಕಾರಕ್ಕೆ, ಡಿಸ್ಚಾರ್ಜ್ ಸಮ್ಮರಿಯ ಹಿಂದೆ ಕನ್ನಡದ ಒಂದು ಪುಟ ಕಡ್ಡಾಯ ಮಾಡೋಕೆ ಆಗಲ್ಲ ಅಂತ ನಾನು ನಂಬಲ್ಲ. ಅದರಲ್ಲಿ ನಾಲ್ಕು ಸಾಲು ಸಾಕು: ಏನಾಯಿತು, ಏನು ಮಾಡಿದೆವು, ಏನು ತೆಗೆದೆವು, ಮುಂದೆ ಏನು ನೋಡಿಕೊಳ್ಳಬೇಕು. ತಾನಾಗಿ ಹೋದದ್ದಕ್ಕೆ ‘ಬಸಿರು ನಿಲ್ಲಲಿಲ್ಲ’ ಅಂತ ಬರೆಯಿರಿ, ಕೆಳಗೆ ‘ಇದರಲ್ಲಿ ಆಕೆಯ ತಪ್ಪಿಲ್ಲ’ ಅಂತಲೂ ಸೇರಿಸಿ. ತಿಳಿದ ಬಸಿರುಗಳಲ್ಲಿ ನೂರಕ್ಕೆ ಹತ್ತಾದರೂ ಹೀಗೆ ನಿಲ್ಲುತ್ತವೆ, ಬಹಳ ಸಲ ಕ್ರೋಮೋಸೋಮಿನ ಲೆಕ್ಕ ತಪ್ಪಿ. ಭಾರ ಎತ್ತಿದ್ದಕ್ಕಲ್ಲ, ಪಪ್ಪಾಯಿ ತಿಂದಿದ್ದಕ್ಕಲ್ಲ, ಯಾರದೋ ಕಣ್ಣು ಬಿದ್ದದ್ದಕ್ಕಲ್ಲ. ಆ ಒಂದು ಸಾಲು ಎಷ್ಟು ಸೊಸೆಯರ ಬದುಕು ಉಳಿಸುತ್ತೆ ಅಂತ ಬರೆಯುವವರಿಗೆ ಗೊತ್ತಿಲ್ಲ.

ಮತ್ತೆ ನಾವು, ಇದನ್ನ ಮೆಟ್ರೋದಲ್ಲಿ ಕೂತು ಓದ್ತಿರೋ ನೀವು. 2025ರ ಅಕ್ಟೋಬರಿನಲ್ಲಿ ರಾಜ್ಯ ಸಂಪುಟ ಉದ್ಯೋಗಸ್ಥ ಹೆಣ್ಣುಮಕ್ಕಳಿಗೆ ತಿಂಗಳಿಗೊಂದು ದಿನ ಸಂಬಳ ಸಹಿತ ರಜೆಗೆ ಒಪ್ಪಿತು. ಅದರ ಹೆಸರು ‘ಋತುಚಕ್ರ ರಜೆ’. ಚೆನ್ನಾಗೇ ಇದೆ. ಆದರೆ ‘ಮುಟ್ಟು’ ಅಂತ ಬಾಯಿಬಿಟ್ಟು ಹೇಳೋಕೆ ನಮಗೆ ಯಾಕೆ ಅಷ್ಟು ಸಂಕೋಚ? ‘ಹೊರಗಾಗಿದ್ದಾಳೆ’ ಅಂತ ಹಟ್ಟಿಯಿಂದ ಆಚೆ ಕೂರಿಸಿದ ಪದ್ಧತಿಯಿಂದ ಆ ಪದಕ್ಕೆ ಕೊಳೆ ಅಂಟಿದೆ, ಒಪ್ಪಿದೆ. ಕೊಳೆ ಅಂಟಿದ ಪದವನ್ನ ಬಿಸಾಡಿ ‘ಡೇಟ್’, ‘ಚಮ್’ ಅಂದರೆ ಕೊಳೆ ಹೋಗಲ್ಲ. ಅದು ಊರಲ್ಲಿರೋ ನಮ್ಮ ಅಕ್ಕತಂಗಿಯರ ಮೈಮೇಲೇ ಉಳಿಯುತ್ತೆ. ನಾವು ಮಾತ್ರ ಇಂಗ್ಲಿಷಿನ ಛತ್ರಿ ಹಿಡಿದು ಮಳೆಯಿಂದ ಪಾರಾಗಿರ್ತೀವಿ.

ನಿಮಗೆ ಇಂಗ್ಲಿಷ್ ಬರುತ್ತೆ. ಮುಂದಿನ ಸಲ ಅಮ್ಮನ ಜೊತೆಗೋ ಅತ್ತಿಗೆ ಜೊತೆಗೋ ಆಸ್ಪತ್ರೆಗೆ ಹೋದಾಗ, ಡಾಕ್ಟರು ನಿಮ್ಮ ಕಡೆ ತಿರುಗಿ ಇಂಗ್ಲಿಷಿನಲ್ಲಿ ಶುರು ಮಾಡ್ತಾರೆ. ಅರ್ಥ ಆಯ್ತು ಅಂತ ತಲೆ ಆಡಿಸಬೇಡಿ. ‘ಕನ್ನಡದಲ್ಲಿ ಹೇಳಿ ಡಾಕ್ಟ್ರೇ, ನನಗಲ್ಲ, ಇವರಿಗೆ’ ಅನ್ನಿ. ಗಡ್ಡೆ ಅಂದರೆ ಯಾವ ಗಡ್ಡೆ ಅಂತ ಕೇಳಿ. ತೆಗೆಸಬೇಕು ಅಂದರೆ ತೆಗೆಸದಿದ್ದರೆ ಏನಾಗುತ್ತೆ ಅಂತ ಕೇಳಿ. ಅಬಾರ್ಷನ್ ಅಂತ ಬರೆದಿದ್ದರೆ ಪೆನ್ನು ಮುಂದೆ ಮಾಡಿ, ಪಕ್ಕದಲ್ಲೇ ಕನ್ನಡದಲ್ಲಿ ಬರೆಸಿಕೊಳ್ಳಿ: ಆಯ್ತಾ, ಮಾಡಿಸಿದ್ರಾ?

ಆಮೇಲೆ, ಮಾಡಿಸಿದ್ದೇ ಆದರೂ, ಅದು ಕಾನೂನಿನೊಳಗೆ ಅವಳೇ ತೀರ್ಮಾನಿಸಿ ಮಾಡಿಸಿದ್ದಾದರೆ, ಅದನ್ನ ಕೇಳೋ ಹಕ್ಕು ಡೈರಿ ಹತ್ತಿರ ನಿಂತಿರುವ ಯಾರಿಗೂ ಇಲ್ಲ.